ಸವತಿಗೆ ಅರ್ಧ ಆಂಪಿಯರ್

ಬೊಂಬಾಯಿ
12 ಜೂನ್ 1983

ಚಿ. ಸೌ. ವನಮಾಲಳಿಗೆ ಆಶೀರ್ವಾದಗಳು.

ನಾಳೆ ಬೆಳಿಗ್ಗೆ ವಿಮಾನ. ಟಾಂಜಾನಿಯಾದ ಮ್ವಾಂಜಾ ಎಂಬ ಊರಿನ ಹೊಸ ಮಿಲ್ಲಿನಲ್ಲಿ ನೂಲುವ ಯಂತ್ರಗಳನ್ನು ನಿಲ್ಲಿಸಿ, ಓಡಿಸಿ ತೋರಿಸಿ ಬರಲು ಹತ್ತು ತಿಂಗಳು ಹಿಡಿಯುತ್ತದಂತೆ. ಹೊರಡುವ ಗಡಿಬಿಡಿಯಲ್ಲಿ ನಿನಗೆ ಮುಖ್ಯವಾದ ಮಾತನ್ನೇ ಹೇಳಲು ಮರೆತೆ. ರೈಲಿನಲ್ಲಿ ಎರಡು ದಿನವೂ ಅದೇ ಯೋಚನೆ.

ಕಾರಿನ ಬ್ಯಾಟರಿ.

ಓಡದೆ ನಿಂತ ಗಾಡಿಯ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ನಮ್ಮದು ಹಳೆಯದು, ಅದಕ್ಕೆ ಕೊಯಮತ್ತೂರಿನ ಸೆಕೆಯಲ್ಲಿ ಮೂರು ವಾರ ಸಾಕು. ಪೂರ್ತಿ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ತಗಡುಗಳು ಗಟ್ಟಿಯಾಗಿ, ಆಮೇಲೆ ಎಷ್ಟು ಉಣಿಸಿದರೂ ಏಳುವುದಿಲ್ಲ. ಆದ್ದರಿಂದ ಒಂದು ಟ್ರಿಕಲ್ ಚಾರ್ಜರ್ ಕೊಂಡುಕೊ. ಗ್ಯಾರೇಜಿನವರು ಇಟ್ಟುಕೊಂಡಿರುವ ದೊಡ್ಡದಲ್ಲ. ಅದು ಹತ್ತು ಆಂಪಿಯರ್ ನುಗ್ಗಿಸಿ ಕುದಿಸಿಬಿಡುತ್ತದೆ. ನಮಗೆ ಬೇಕಾದದ್ದು ಹನ್ನೆರಡು ವೋಲ್ಟಿನದು, ಅರ್ಧ ಆಂಪಿಯರಿಗಿಂತ ಹೆಚ್ಚು ಕೊಡದ್ದು. ಬ್ಯಾಟರಿ ಎಷ್ಟು ಕಳೆದುಕೊಳ್ಳುತ್ತದೋ ಅಷ್ಟನ್ನು ಮಾತ್ರ ತೊಟ್ಟು ತೊಟ್ಟಾಗಿ ತುಂಬುವಂಥದ್ದು.

ಇನ್ನೊಂದು. ಎಡಗಡೆ ಬಾಗಿಲಿನ ಹೊರಗಿನ ಹಿಡಿ ಮುರಿದಿದೆಯಲ್ಲ, ಅದನ್ನು ರಿಪೇರಿಗೆ ಕೊಡಬೇಡ. ಯಾವನಾದರೂ ಸಿಕ್ಕ ಹಿಡಿ ಜಡಿದು ಬಣ್ಣ ಕೀಳುತ್ತಾನೆ. ನೀನು ಹತ್ತುವಾಗ ಎಂದಿನಂತೆ ನಾನೇ ಒಳಗಿನಿಂದ ಬಾಗಿ ತೆಗೆದರಾಯಿತು.

ನಾನು ಬಂದ ದಿನ ಗಾಡಿ ಒಂದೇ ತಿರುವಿಗೆ ಏಳಬೇಕು. ಅಷ್ಟು ನೋಡಿಕೊ. ಅಮ್ಮನಿಗೆ ನಮಸ್ಕಾರ ತಿಳಿಸು.

ನಾರಾಯಣ


ಕೊಯಮತ್ತೂರು
5 ಜುಲೈ 1983

ಇವರಿಗೆ ವನಮಾಲಾ ಮಾಡುವ ನಮಸ್ಕಾರಗಳು.

ಕಾಗದ ಬಂತು. ಎಣಿಸಿ ನೋಡಿದೆ. ಬ್ಯಾಟರಿಯ ಹೆಸರು ನಾಲ್ಕು ಸಲ ಇದೆ. ನನ್ನ ಹೆಸರು ಒಂದು ಸಲ, ಅದೂ ವಿಳಾಸದ ಹಾಗೆ. ಅಜ್ಜಿಗೆ ಅರಿವೆ ಚಿಂತೆಯಾದರೆ ನಿಮಗೆ ಬ್ಯಾಟರಿ ಚಿಂತೆ. ಶೆಡ್ಡಿನಲ್ಲಿ ನಿಂತಿರುವವಳು ಕಾರಲ್ಲ, ನನ್ನ ಸವತಿ ಎಂದು ಅತ್ತೆಯ ಹತ್ತಿರ ಹೇಳಿದೆ. "ಅವಳಾದ್ರೂ ಸುಮ್ನೆ ನಿಂತಿದಾಳೆ. ನೀನು ವಾಯಿ ಮುಚ್ಚೋದೇ ಇಲ್ಲ," ಎಂದರು ಸುಂದರಮ್ಮನವರು. ನಿಮ್ಮ ತಾಯಿ ನಿಮ್ಮ ಪಕ್ಷ.

ಆದರೂ ಹೇಳಿದ್ದನ್ನು ಮಾಡಿದ್ದೇನೆ. ಬ್ಯಾಟರಿಯ ಮುಚ್ಚಳಗಳನ್ನು ತಿರುಗಿಸಿ ತೆಗೆದು ನೋಡಿದರೆ ಆರು ತೂತಿನಲ್ಲೂ ನೀರು ತಳಕ್ಕೆ ಇಳಿದಿತ್ತು. ದೇವರ ಮನೆಯಿಂದ ತಾಮ್ರದ ಉದ್ಧರಣೆ ತಂದು ಒಂದೊಂದಕ್ಕೂ ತೀರ್ಥ ಬಿಟ್ಟ ಹಾಗೆ ಶಿರುವಾಣಿ ನೀರು ಬಿಟ್ಟೆ. ಲೋಕದಲ್ಲೇ ಸಿಹಿ ನೀರು ನಮ್ಮ ಊರಿನದು. ನಿಮ್ಮ ಸವಾರಿಗೆ ಅದಕ್ಕಿಂತ ಒಳ್ಳೆಯದು ಎಲ್ಲಿಂದ ತರಲಿ?

ಚಾರ್ಜರಿನ ಅಂಗಡಿಗೂ ಹೋಗಿದ್ದೆ. ಅವನು ಮೊದಲು ಟ್ರಂಕಿನಷ್ಟು ದೊಡ್ಡದನ್ನು ತೋರಿಸಿ, ಬಸ್ಸಿನ ಬ್ಯಾಟರಿಯೂ ಇದರಲ್ಲಿ ಎದ್ದು ಕೂರುತ್ತದೆ ಎಂದ. ಬೇಡವೆಂದೆ. ಆಮೇಲೆ ಮೂಲೆಯಿಂದ ಹಸಿರು ಬಣ್ಣದ ಪುಟ್ಟ ಪೆಟ್ಟಿಗೆಯೊಂದನ್ನು ಒರೆಸಿಕೊಟ್ಟ. ಮನೆಗೆ ತಂದು ಮೂರು ದಿನ ಹಾಕಿದೆ. ಈ ವರ್ಷ ಮಳೆ ಕೈಕೊಟ್ಟು ಇಲ್ಲಿ ಅರ್ಧ ದಿನ ಕರೆಂಟೇ ಇಲ್ಲ. ಎರಡನೆಯ ದಿನ ಹಾರ್ನ್ ಒತ್ತಿದರೆ ಮೇಕೆಮರಿಯ ದನಿ ಬಂತು. ಮೂರನೆಯ ದಿನ ಅದೂ ಇಲ್ಲ. ಊಟ ಹಾಕಿದಷ್ಟೂ ಸೊರಗುವ ಸವತಿಯನ್ನು ನಾನು ಇದೇ ಮೊದಲು ಕಂಡದ್ದು.

ಅಲ್ಲಿ ಊಟಕ್ಕೆ ಏನು ಮಾಡುತ್ತೀರಿ? ಅದನ್ನು ಬರೆಯಿರಿ.

ವನಮಾಲಾ


ಮ್ವಾಂಜಾ
27 ಜುಲೈ 1983

ಸೌ. ವನಮಾಲಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ತಾಮ್ರದ ಉದ್ಧರಣೆಯೇ! ಅದು ಬ್ಯಾಟರಿಯ ಮೇಲೆ ತಂತಿ ಬಿಗಿಯುವ ಎರಡು ಸೀಸದ ಕಂಬಗಳಿಗೂ ಒಟ್ಟಿಗೆ ತಗುಲಿದ್ದರೆ ಕಿಡಿ ಹಾರಿ ನಿನ್ನ ಕೈ ಸುಡುತ್ತಿತ್ತು. ಇನ್ನು ಮುಂದೆ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಕೊಳವೆ. ನೀರು ಬಟ್ಟಿ ಇಳಿಸಿದ್ದೇ ಆಗಬೇಕು, ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಶಿರುವಾಣಿ ನೀರು ನಮ್ಮ ನಾಲಿಗೆಗೆ ಸಿಹಿ, ಅದರಲ್ಲಿರುವ ಖನಿಜ ಬ್ಯಾಟರಿಗೆ ಕಹಿ. ಇದನ್ನು ಕೊಯಮತ್ತೂರಿನವರ ಮುಂದೆ ಹೇಳಿದರೆ ಹೊಡೆಯುತ್ತಾರೆಂದು ಗೊತ್ತು. ಆದರೂ ಹೇಳುತ್ತಿದ್ದೇನೆ.

ಹಸಿರು ಪೆಟ್ಟಿಗೆಯ ರೋಗವೂ ತಿಳಿಯಿತು. ಅದರೊಳಗೆ ಹಳೆಯ ಕಾಲದ ತಗಡಿನ ರೆಕ್ಟಿಫೈಯರ್ ಇರಬೇಕು. ಕರೆಂಟು ಇರುವಾಗ ತುಂಬುತ್ತದೆ, ಕರೆಂಟು ಹೋದಾಗ ಬ್ಯಾಟರಿಯಿಂದಲೇ ಹಿಂದಕ್ಕೆ ಸೋರುತ್ತದೆ. ಹಗಲು ಬಡಿಸಿ ರಾತ್ರಿ ಕದಿಯುವ ಅಡುಗೆಯವನ ಹಾಗೆ. ಸಿಲಿಕಾನ್ ಡಯೋಡ್ ಹಾಕಿದ್ದನ್ನು ಕೇಳಿ ತೆಗೆದುಕೊ. ಅದರಲ್ಲಿ ಕರೆಂಟು ಒಂದೇ ದಾರಿಯಲ್ಲಿ ಹೋಗುತ್ತದೆ, ವಾಪಸು ಬರುವುದಿಲ್ಲ.

ಹಾಕುವಾಗ ಮೊದಲು ಕೆಂಪು ತಂತಿ, ಆಮೇಲೆ ಕಪ್ಪು, ಕೊನೆಗೆ ಗೋಡೆಯ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಕಪ್ಪು, ಕೊನೆಗೆ ಕೆಂಪು. ಶೆಡ್ಡಿನ ಬಾಗಿಲು ತೆರೆದಿರಲಿ.

ಊಟಕ್ಕೆ ತೊಂದರೆಯಿಲ್ಲ. ಇವೆಲ್ಲ ನಿನಗೆ ಹೊರೆಯಾಗುತ್ತಿದ್ದರೆ ಬರೆ.

ನಾರಾಯಣ


ಕೊಯಮತ್ತೂರು
20 ಆಗಸ್ಟ್ 1983

ಇವರಿಗೆ ನಮಸ್ಕಾರಗಳು.

ಈ ಸಲ ನಿಮಗೆ ಒಬ್ಬಳನ್ನು ಪರಿಚಯ ಮಾಡಿಕೊಡಬೇಕು. ಪೆರಿಯನಾಯಕನಪಾಳ್ಯದಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ತಂಗಮಣಿ. ನೇಯ್ಗೆಯವರ ಮನೆಯ ಹುಡುಗಿ, ಮನೆಯಲ್ಲಿ ನಮ್ಮ ಹಾಗೇ ಕನ್ನಡ. ಓದುವುದಕ್ಕೆ ಮಾತ್ರ ತಮಿಳು. ನಿಮ್ಮ ಕಾಗದದ ಡಯೋಡಿನ ಭಾಗವನ್ನು ನಾನು ಓದಿ ಹೇಳಿದೆ, ಅವಳು ತಮಿಳಿನಲ್ಲಿ ಬರೆದುಕೊಂಡಳು. ಅವಳ ಗಂಡ ಮೈಲ್‌ಸಾಮಿ ಕಾಲು ಮುರಿದುಕೊಂಡಾಗಿನಿಂದ ಕೂತಲ್ಲೇ ರಿಪೇರಿ ಮಾಡುತ್ತಾನೆ. ಮೋಟಾರುಗಳನ್ನು ವ್ಯಾನಿಗೆ ಹೇರಿಕೊಂಡು ಊರೂರಿಗೆ ಕೊಟ್ಟು ಬರುವವಳು ಇವಳೇ.

ಬ್ಯಾಟರಿಯನ್ನು ಕಂಡವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕಾ, ಪಟ್ಟಿನಿ ಬಿದ್ದೈತಲ್ಲ ಪಾಪ, ಹೊಟ್ಟೆಗೇ ಇಲ್ಲ! ಎರಡು ದಿನ ಇಲ್ಲೇ ಬಿಡಿ, ಮೆದುವಾ ಊಟ ಹಾಕ್ತೀನಿ. ಅಪ್ಪುರಂ ಮನೇಲಿ ಕೊಂಚ ಕೊಂಚ ಕೊಟ್ರೆ ಪೋದುಂ, ಸಾಕು. ಮಗು ಮಾದಿರಿ ಇದು. ಜಾಸ್ತಿ ಕೊಟ್ರೂ ಕೆಡ್ತದೆ, ಹಸಿಸಿದ್ರೂ ಕೆಡ್ತದೆ." ನೀವು ಮೂರು ಪುಟದಲ್ಲಿ ಬರೆದದ್ದು ಇಷ್ಟೇ ಅಲ್ಲವೇ?

ಹಸಿರು ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ತಗಡುಗಳನ್ನು ಕಿತ್ತು ಬಿಸಾಕಿ, ಹೊಸದಾಗಿ ತಾಮ್ರ ಸುತ್ತಿ ಡಯೋಡ್ ಕೂರಿಸಿದಳು. "ನಮ್ಮಪ್ಪ ನೂಲು ಸುತ್ತಿದ್ರು, ನಾನು ತಾಮ್ರ ಸುತ್ತುತೀನಿ. ಎರಡ್ರಲ್ಲೂ ಬಿಗಿ ತಪ್ಪಕೂಡಾದು," ಎನ್ನುತ್ತಾಳೆ. ಮುಚ್ಚಳದ ಮೇಲೆ ಒಂದು ಪುಟ್ಟ ಬಲ್ಬು ಇಟ್ಟಿದ್ದಾಳೆ. ಬ್ಯಾಟರಿಗೆ ಹಸಿವಿದ್ದರೆ ಅದು ಜೋರಾಗಿ ಉರಿಯುತ್ತದೆ, ಹೊಟ್ಟೆ ತುಂಬುತ್ತ ಬಂದಂತೆ ಮಂಕಾಗುತ್ತದೆ. ನನಗೆ ಮೀಟರೂ ಬೇಡ, ಮುಳ್ಳೂ ಬೇಡ. ಸಾರು ಕುದಿಯುವುದನ್ನು ನೋಡಿದ ಹಾಗೆ ಹೋಗುತ್ತ ಬರುತ್ತ ನೋಡಿದರಾಯಿತು.

ಶುಕ್ರವಾರ ಅತ್ತೆ ಚಾರ್ಜರಿಗೂ ಕುಂಕುಮ ಇಟ್ಟು, ಬಾನೆಟ್ಟು ತೆರೆದಿರುವಾಗಲೇ ಬ್ಯಾಟರಿಗೆ ಕರ್ಪೂರದಾರತಿ ಎತ್ತಿದರು. ನೋಡಲು ಬಹಳ ಲಕ್ಷಣವಾಗಿತ್ತು.

ಇಷ್ಟೆಲ್ಲ ಸೇವೆ ಮಾಡಿ ನನಗೆ ಸಾಕುಸಾಕಾಗಿದೆ. ನಿಮ್ಮ ಈ ಎರಡನೆಯ ಸಂಸಾರವನ್ನು ಯಾರಾದರೂ ಪುಣ್ಯಾತ್ಮರು ಕರೆದುಕೊಂಡು ಹೋದರೆ ಕೈಮುಗಿದು ಕಳಿಸುತ್ತೇನೆ.

ವನಮಾಲಾ


ಮ್ವಾಂಜಾ
12 ಸೆಪ್ಟೆಂಬರ್ 1983

ವನಮಾಲಾ,

ಕರ್ಪೂರ ಬೇಡ. ಬೇಡವೇ ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಒಂದು ಕಿಡಿ ತಗುಲಿದರೆ ಆಸಿಡ್ ಸಮೇತ ಸಿಡಿಯುತ್ತದೆ. ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಆ ದಿನದಿಂದ ಐದಾರು ಶುಕ್ರವಾರ ಕಳೆದಿರುತ್ತವೆ ಎಂದು ಲೆಕ್ಕ ಹಾಕಿ ಇವತ್ತು ನನಗೆ ಅನ್ನ ಇಳಿಯಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನನ್ನ ಬುದ್ಧಿವಾದ. ಅಮ್ಮ ಬೇಕಾದರೆ ಹೂವು ಇಡಲಿ.

ತಂಗಮಣಿಯ ಬಲ್ಬಿನ ಉಪಾಯ ಬಹಳ ಸೊಗಸು. ಇಲ್ಲಿಯ ಎಂಜಿನಿಯರುಗಳಿಗೆ ಚಿತ್ರ ಬರೆದು ತೋರಿಸಿದೆ.

ನಿನಗೆ ಸಾಕಾಗಿದೆ ಎಂದು ಬರೆದಿದ್ದೀಯೆ. ಅರ್ಥವಾಯಿತು. ನೀನು ನಗುನಗುತ್ತ ಬರೆದರೂ ಕಷ್ಟ ಕಷ್ಟವೇ. ನಾನು ಇಷ್ಟು ದೂರ ಕೂತು ನಿನ್ನ ತಲೆಯ ಮೇಲೆ ಒಂದು ಗಾಡಿಯನ್ನು ಹೊರಿಸಿದ್ದು ತಪ್ಪು. ಏನಾದರೂ ವ್ಯವಸ್ಥೆ ಮಾಡುತ್ತೇನೆ.

ನಾರಾಯಣ


ಕೊಯಮತ್ತೂರು
19 ಅಕ್ಟೋಬರ್ 1983

ಇವರಿಗೆ,

ನಿಮ್ಮ ಕಾಗದ ಬರುವಷ್ಟರಲ್ಲಿ ಕರ್ಪೂರ ನಿಂತು ಒಂದು ತಿಂಗಳಾಗಿತ್ತು. ತಂಗಮಣಿ ಒಂದು ಶುಕ್ರವಾರ ಕಣ್ಣಾರೆ ನೋಡಿ, "ಪಾಟಿ, ಸಾಮಿ ಬರೋದಕ್ಕೆ ಮುಂದಾಗಿ ನೀವೇ ಸಾಮಿ ಹತ್ರ ಹೋಗ್ತೀರಿ!" ಎಂದು ತಟ್ಟೆಯನ್ನು ಕಿತ್ತುಕೊಂಡಳು. ಅಂದಿನಿಂದ ಅತ್ತೆ ಮಲ್ಲಿಗೆ ಮಾತ್ರ ಮುಡಿಸುತ್ತಾರೆ. ನಿಮಗೆ ಅನ್ನ ಇಳಿಯದ ದಿನ ನಾವಿಬ್ಬರೂ ಹೋಳಿಗೆ ತಿನ್ನುತ್ತಿದ್ದೆವು. ಕ್ಷಮಿಸಿ.

ಆಯುಧಪೂಜೆಯ ದಿನ ಕಾರು, ಚಾರ್ಜರು, ಒನಕೆ, ನಿಮ್ಮ ಸ್ಪ್ಯಾನರುಗಳು ಎಲ್ಲವನ್ನೂ ಸಾಲಾಗಿ ಪೂಜೆಗೆ ಇಟ್ಟೆವು. ಪೂಜೆಗೆ ಇಟ್ಟದ್ದನ್ನು ಅವತ್ತು ಮುಟ್ಟಬಾರದಲ್ಲ, ಸವತಿಗೆ ಅಂದು ಉಪವಾಸ. ಮಾರನೆಯ ದಿನ ಹಾಕಿದರೆ ಬಲ್ಬು ಹತ್ತಿದ್ದೇ ತಡ ಮಂಕಾಯಿತು. ಅವಳಿಗೆ ಈಗ ಹಸಿವೇ ಇಲ್ಲ. ಮೈ ತುಂಬಿಕೊಂಡಿದ್ದಾಳೆ.

ಅತ್ತೆಯ ಮಂಡಿನೋವು ಗುಣವಾಗಿದೆ. ಶನಿವಾರ ಶನಿವಾರ ಕಾರಮಡೈಗೆ ಹೋಗಿ ರಂಗನಾಥನನ್ನು ನೋಡಿ ಬರುತ್ತಿದ್ದಾರೆ. ಮೇಟುಪಾಳಯಂ ರಸ್ತೆಯಲ್ಲಿ ಲಾರಿಯವರು ಪಕ್ಕಕ್ಕೆ ಸರಿಯುವುದೇ ಇಲ್ಲ, ಗಮನಿಸಿದ್ದೀರಾ?

ಒಂದು ವಿಷಯ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವಾಗ ಹಿಂದಕ್ಕೆ ಜಾರದಿರಲು ಏನು ಮಾಡಬೇಕು? ಸುಮ್ಮನೆ ಕೇಳಿದೆ.

ವನಮಾಲಾ


ಮ್ವಾಂಜಾ
10 ನವೆಂಬರ್ 1983

ಪ್ರಿಯ ವನಮಾಲಾ,

ಶೆಡ್ಡಿನ ನೆಲ ಹಿಂದಕ್ಕೆ ಇಳಿಜಾರಾಗಿರುವುದು ನನಗೂ ಗೊತ್ತು. ಗಾಡಿ ಜಾರುತ್ತಿದ್ದರೆ ಹಿಂದಿನ ಚಕ್ರಕ್ಕೆ ಒಂದು ಇಟ್ಟಿಗೆ ಕೊಡು. ಸಾಲದಿದ್ದರೆ ಎರಡು ಇಟ್ಟಿಗೆ ಕೊಡು. ಇಂಥ ಸಣ್ಣ ವಿಷಯಕ್ಕೂ ನೀನು ಒದ್ದಾಡುತ್ತಿರುವುದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮುಂದಿನ ತಿಂಗಳು ಕಾಂಗೇಯದ ಗೋಪಾಲಸಾಮಿ ನಿಮ್ಮನ್ನು ನೋಡಲು ಬರುತ್ತಾನೆ. ನನ್ನ ಜೊತೆ ಓದಿದವನು, ಕೊಬ್ಬರಿ ಎಣ್ಣೆಯ ಗಾಣ ಇಟ್ಟಿದ್ದಾನಲ್ಲ, ಅವನೇ. ಅವನು ಹೇಳುವುದನ್ನು ಕೇಳು. ನಿನ್ನ ಹೆಗಲ ಹೊರೆ ಇಳಿಯುತ್ತದೆ. ಈಗಲೇ ಹೇಳಿದರೆ ಸಂತೋಷದ ರುಚಿ ಹೋಗುತ್ತದೆ.

ಇಲ್ಲಿ ಸಂಜೆ ಕೆರೆಯ ದಂಡೆಯಲ್ಲಿ ಕೂರುತ್ತೇನೆ. ಕೆರೆ ಎಂದರೆ ಆಚೆಯ ದಡ ಕಾಣದ ಕೆರೆ.

ನಾರಾಯಣ


ಕೊಯಮತ್ತೂರು
13 ಡಿಸೆಂಬರ್ 1983

ಇವರಿಗೆ,

ನಿಮ್ಮ ಸ್ನೇಹಿತರು ಎರಡು ಸಲ ಬಂದಿದ್ದರು. ನಿನ್ನೆ ಗಾಡಿ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಹೋಗಿದೆ ಎಂದರು. ಅವರೂ ನಿಮಗೆ ಬರೆಯುತ್ತಾರಂತೆ.

ನಾವು ಚೆನ್ನಾಗಿದ್ದೇವೆ.

ವನಮಾಲಾ


ಮ್ವಾಂಜಾ
5 ಜನವರಿ 1984

ಪ್ರಿಯ ವನಮಾಲಾ,

ನಿನ್ನ ನಾಲ್ಕು ಸಾಲೂ ಗೋಪಾಲಸಾಮಿಯ ಕಾಗದವೂ ಒಂದೇ ದಿನ ಬಂದವು. "ದೇಹ ಚೆನ್ನಾಗಿದೆ, ಉಸಿರಿಲ್ಲ, ಬ್ಯಾಟರಿ ಬದಲಾಯಿಸಿದರೂ ಒಳಗೆ ಇನ್ನೇನು ಹೋಗಿದೆಯೋ, ಹೆಣ ಕೊಂಡು ಏನು ಮಾಡಲಿ" ಎಂದು ಬರೆದಿದ್ದಾನೆ. ನಿನ್ನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಿನಗೆ ತಿಳಿಸದೆ ಗಾಡಿಯನ್ನು ಅವನಿಗೆ ಕೊಡುತ್ತೇನೆಂದು ಒಪ್ಪಿದ್ದೆ. ಯಾರಾದರೂ ಕರೆದುಕೊಂಡು ಹೋದರೆ ಕೈಮುಗಿಯುತ್ತೇನೆ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ನನಗೆ ಗಾಡಿ ಬೇಕಿತ್ತು, ನಿಜ. ನೀನು ಆ ಶೆಡ್ಡಿನಲ್ಲಿ ತಂತಿ ಹಿಡಿದು ಬೈದುಕೊಳ್ಳುತ್ತ ನಿಂತಿರುವುದು ಬೇಡವಾಗಿತ್ತು.

ಈಗ ಅದೇ ಸತ್ತಿತು ಎಂದು ಓದಿದಾಗ ಏನಾಯಿತೆಂದು ಬರೆದರೆ ನೀನು ನಗುತ್ತೀಯೆ, ನಗು. ಕೆರೆಯ ದಂಡೆಗೆ ಹೋಗಿ ಅತ್ತುಬಿಟ್ಟೆ. ನಲವತ್ತೆರಡು ವರ್ಷದ ಗಂಡಸು, ಒಂದು ಬ್ಯಾಟರಿಗಾಗಿ. ಅಳುತ್ತಿದ್ದಾಗಲೇ ಗೊತ್ತಾಯಿತು, ಅದು ಬ್ಯಾಟರಿಗಾಗಿ ಅಲ್ಲವೆಂದು. ಹನ್ನೆರಡು ವರ್ಷದ ಸಂಸಾರದಲ್ಲಿ ನಿನ್ನನ್ನು ಬಿಟ್ಟು ಹತ್ತು ದಿನ ಇದ್ದವನಲ್ಲ ನಾನು. ನಿನ್ನನ್ನು ಏನೆಂದು ಕೇಳಬೇಕೋ ತೋಚದೆ ಪ್ರತಿ ಕಾಗದದಲ್ಲೂ ಬ್ಯಾಟರಿಯನ್ನು ಕೇಳಿದೆ. ಅದು ಸರಿಯಾಗಿದೆ ಎಂದು ನೀನು ಬರೆದರೆ ಮನೆಯೇ ಸರಿಯಾಗಿದೆ ಎಂದು ನೆಮ್ಮದಿಯಾಗುತ್ತಿತ್ತು. ಊಟದ ವಿಷಯ ಕೇಳಿದ್ದೆಯಲ್ಲ, ಈಗ ಹೇಳುತ್ತೇನೆ. ಇಲ್ಲಿಯ ಊಟ ನನಗೆ ಒಂದು ದಿನವೂ ಸೇರಲಿಲ್ಲ. ನಿನ್ನ ಸಾರಿನ ಆಸೆಯಾಗಿದೆ.

ಗಾಡಿ ಹೋದರೆ ಹೋಯಿತು. ಏಪ್ರಿಲಿನಲ್ಲಿ ಬರುತ್ತೇನೆ. ನಡೆದುಕೊಂಡೇ ತಿರುಗಾಡೋಣ.

ನಾರಾಯಣ


ಕೊಯಮತ್ತೂರು
28 ಜನವರಿ 1984

ನನ್ನ ಪ್ರೀತಿಯ ದಡ್ಡರಿಗೆ,

ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಅತ್ತುಬಿಟ್ಟೆ. ಆಮೇಲೆ ಶೆಡ್ಡಿಗೆ ಹೋಗಿ ಸವತಿಯನ್ನು ತಬ್ಬಿಕೊಂಡೆ.

ಅವಳು ಸತ್ತಿಲ್ಲ. ಕಲ್ಲುಗುಂಡಿನ ಹಾಗಿದ್ದಾಳೆ.

ನಡೆದದ್ದು ಹೀಗೆ. ಡಿಸೆಂಬರ್ ಒಂಬತ್ತು, ಶುಕ್ರವಾರ, ಗೋಪಾಲಸಾಮಿ ಬಂದರು. ಕಾಫಿ ಕುಡಿದು ಬೀಗದ ಕೈ ಕೇಳಿದರು. ಯಾಕೋ ನೋಡಬೇಕೆನ್ನಿಸಿರಬೇಕು ಎಂದು ಹೆಮ್ಮೆಯಿಂದಲೇ ಕೊಟ್ಟೆ. ಅರ್ಧ ತಿರುವಿಗೆ ಎಂಜಿನ್ ಎದ್ದಿತು. ಅವರ ಮುಖ ಅರಳಿತು. "ಏನಮ್ಮಾ, ಪುದುಸು ಮಾದಿರಿ, ಹೊಸದರ ಹಾಗೇ ಇದೆಯಲ್ಲ! ನಾರಾಯಣ ಹೇಳಿದ ಬೆಲೆಗಿಂತ ಮೇಲೇ ಕೊಡ್ತೀನಿ. ಸೋಮವಾರ ಡ್ರೈವರ್‌ನ ಕೂಟ್ಟಿಕೊಂಡು ಬಂದು ತಕ್ಕೊಂಡು ಹೋಗ್ತೀನಿ," ಎಂದರು. ನನಗೆ ಆಗಲೇ ವಿಷಯ ತಿಳಿದದ್ದು. ಐದು ತಿಂಗಳು ತೊಟ್ಟು ತೊಟ್ಟಾಗಿ ಉಣಿಸಿ ಬೆಳೆಸಿದ್ದೇ ಅವಳನ್ನು ನನ್ನಿಂದ ಕಿತ್ತುಕೊಂಡು ಹೋಗಲು ದಾರಿಯಾಯಿತು. ಸೊರಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ನಿಮ್ಮ ಮೇಲೆ ಬಹಳ ಸಿಟ್ಟು ಬಂತು. ಬೈದ ಹೆಂಡತಿಯನ್ನು ಯಾರಾದರೂ ನಂಬುತ್ತಾರೆಯೇ? ಪ್ರೀತಿ ಇಲ್ಲದವಳಾಗಿದ್ದರೆ ನಾನು ಸವತಿ ಎನ್ನುತ್ತಿರಲಿಲ್ಲ, ಗಾಡಿ ಎನ್ನುತ್ತಿದ್ದೆ. ನಿಮ್ಮ ಸ್ನೇಹಿತರಿಗೆ ಇಲ್ಲವೆಂದರೆ ನಿಮ್ಮ ಮಾತು ತಪ್ಪಿದ ಹಾಗಾಗುತ್ತದೆ. ಹೂಂ ಎಂದರೆ ಶೆಡ್ಡು ಬರಿದಾಗುತ್ತದೆ.

ಭಾನುವಾರ ಅತ್ತೆಯೇ ತಂಗಮಣಿಯನ್ನು ಕರೆಸಿದರು. ಅವಳು ಎಲ್ಲ ಕೇಳಿ, "ಅಕ್ಕಾ, ಕವಲೆಪಡಬೇಡಿ. ಒಂದು ಪೇಪರ್ ತುಂಡು ಕೊಡಿ," ಎಂದಳು. ಕಪ್ಪು ತಂತಿಯ ಕ್ಲ್ಯಾಂಪನ್ನು ಸಡಿಲಿಸಿ, ಬ್ಯಾಟರಿಯ ಕಂಬಕ್ಕೂ ಅದಕ್ಕೂ ನಡುವೆ ಕಾಗದ ಸುತ್ತಿ ಮತ್ತೆ ಬಿಗಿದಳು. ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದೂ ಇಲ್ಲ. ಕೈಗೆ ಸಿಕ್ಕ ಕಾಗದ ಯಾವುದು ಗೊತ್ತೇ? ನೀವು ಇಟ್ಟಿಗೆ ಕೊಡು ಎಂದು ಬರೆದಿದ್ದ ಏರ್‌ಮೇಲು. ಅದರ ಅಂಚನ್ನು ನಾನೇ ಹರಿದು ಕೊಟ್ಟೆ. ನಿಮ್ಮ ಬುದ್ಧಿವಾದಗಳಲ್ಲಿ ಸರಿಯಾದ ಹೊತ್ತಿಗೆ ಕೆಲಸಕ್ಕೆ ಬಂದದ್ದು ಅದೊಂದೇ.

ಸೋಮವಾರ ಡ್ರೈವರ್ ಹತ್ತು ಸಲ ತಿರುಗಿಸಿದ. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ನಟನೆಯಲ್ಲ, ಕಾಗದ ಎಲ್ಲಿ ಜಾರಿಬಿಡುತ್ತದೋ ಎಂಬ ಹೆದರಿಕೆಗೆ ನಿಜವಾಗಿ ಅಳು ಬಂದಿತ್ತಂತೆ. ಪಾಪ, ಗೋಪಾಲಸಾಮಿ ಅವರನ್ನು ಸಮಾಧಾನ ಮಾಡಿ ಒಂದು ಡಬ್ಬ ಕೊಬ್ಬರಿ ಎಣ್ಣೆ ಕೊಟ್ಟು ಹೋದರು. ಆ ಎಣ್ಣೆ ತಲೆಗೆ ಹಚ್ಚಿಕೊಂಡಾಗಲೆಲ್ಲ ನನಗೆ ಪಾಪಪ್ರಜ್ಞೆ. ಎಣ್ಣೆ ಮಾತ್ರ ಬಹಳ ಚೆನ್ನಾಗಿದೆ. ನೀವು ಬಂದ ಮೇಲೆ ಇಬ್ಬರೂ ಕಾಂಗೇಯಕ್ಕೆ ಹೋಗಿ ತಪ್ಪೊಪ್ಪಿಕೊಳ್ಳೋಣ.

ನಿಮಗೆ ನಾಲ್ಕು ಸಾಲು ಬರೆದದ್ದು ಸಿಟ್ಟಿಗೆ. ಐದನೆಯ ಸಾಲು ಬರೆದಿದ್ದರೆ ನಗು ಬಂದುಬಿಡುತ್ತಿತ್ತು.

ನಿಮ್ಮ
ವನಮಾಲಾ


ಮ್ವಾಂಜಾ
20 ಫೆಬ್ರವರಿ 1984

ವನೂ,

ಮೆಸ್ಸಿನಲ್ಲಿ ಒಬ್ಬನೇ ಕೂತು ನಕ್ಕು ನಕ್ಕು ಟೀ ಚೆಲ್ಲಿದೆ. ಏನೆಂದು ಕೇಳಿದವರಿಗೆಲ್ಲ ಹೇಳಿದೆ. ಯಾವಾಗಲೂ ಮುಖ ಗಂಟು ಹಾಕಿಕೊಂಡಿರುವ ನಮ್ಮ ಮುಖ್ಯ ಎಂಜಿನಿಯರ್ ಕೂಡ, ಒಂದು ಏರ್‌ಮೇಲಿನಲ್ಲಿ ಹನ್ನೆರಡು ವೋಲ್ಟನ್ನು ತಡೆದು ನಿಲ್ಲಿಸಿದ ಆ ಹೆಂಗಸರನ್ನು ನೋಡಬೇಕು ಎಂದರು. ನನ್ನನ್ನು ದಡ್ಡ ಎಂದು ಬರೆದ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳಲಿಲ್ಲ. ಅದು ನನ್ನ ಜೇಬಿನಲ್ಲಿದೆ.

ಆದರೆ ಒಂದು ಲೆಕ್ಕ ಸರಿಹೊಂದುತ್ತಿಲ್ಲ. ಅರ್ಧ ಆಂಪಿಯರಿನಿಂದ ಬ್ಯಾಟರಿ ಜೀವಂತವಾಗಿರುತ್ತದೆ, ಒಪ್ಪಿದೆ. ಐದಾರು ತಿಂಗಳು ನಿಂತೇ ಇದ್ದ ಎಂಜಿನ್ ಅರ್ಧ ತಿರುವಿಗೆ ಏಳುವುದಿಲ್ಲ. ಪೆಟ್ರೋಲು ಒಣಗಿರುತ್ತದೆ, ನಾಲ್ಕೈದು ಸಲವಾದರೂ ಕೆಮ್ಮಬೇಕು. ಅಂದರೆ ಯಾರೋ ಅದನ್ನು ಆಗಾಗ ಓಡಿಸುತ್ತಿದ್ದಾರೆ. ಮೈಲ್‌ಸಾಮಿಯ ಕಾಲು ವಾಸಿಯಾಯಿತೇ? ಅವನೇ ಆಗಿದ್ದರೆ ಬೇಸರವಿಲ್ಲ, ಕ್ಲಚ್ಚು ಮೆಲ್ಲಗೆ ಬಿಡಲು ಹೇಳು. ಇನ್ನೊಂದು, ಅಮ್ಮ ಶನಿವಾರ ಶನಿವಾರ ಕಾರಮಡೈಗೆ ಹೋಗುತ್ತಾಳೆ ಎಂದಿದ್ದೆ. ಆ ನೂಕುನುಗ್ಗಲಿನಲ್ಲಿ ಅವಳು ಯಾವ ಬಸ್ಸು ಹತ್ತುತ್ತಾಳೆ?

ದಿನಗಳನ್ನು ಎಣಿಸುತ್ತಿದ್ದೇನೆ. ಬ್ಯಾಟರಿಯ ವಿಷಯ ಬರೆಯದಿದ್ದರೂ ಪರವಾಗಿಲ್ಲ, ನಿನ್ನ ವಿಷಯ ಬರೆ.

ನಿನ್ನ
ನಾರಾಯಣ


ಬೊಂಬಾಯಿ
11 ಏಪ್ರಿಲ್ 1984

ವನೂ,

ನಿನ್ನೆ ಇಳಿದೆ. ಹೆಡ್ ಆಫೀಸಿನವರು ವರದಿ ಬರೆಯಲು ಒಂದು ವಾರ ಕೂರಿಸಿದ್ದಾರೆ. ಮಾಟುಂಗಾದ ಲಾಡ್ಜಿನ ವಿಳಾಸ ಲಕೋಟೆಯ ಮೇಲಿದೆ. 20ನೇ ತಾರೀಕು ಶುಕ್ರವಾರ ಬೆಳಿಗ್ಗೆ ಕೊಯಮತ್ತೂರಿನಲ್ಲಿ ಇಳಿಯುತ್ತೇನೆ. ಹಗಲಿನಲ್ಲೇ ರೈಲು ಬರುವುದರಿಂದ ಯಾರೂ ನಿಲ್ದಾಣಕ್ಕೆ ಬರುವುದು ಬೇಡ. ಆಟೋ ಹಿಡಿದು ಬರುತ್ತೇನೆ. ಅಥವಾ ಮೈಲ್‌ಸಾಮಿಗೆ ಪುರುಸೊತ್ತಿದ್ದರೆ ಅವನು ಗಾಡಿ ತರಲಿ, ನೋಡಿದ ಹಾಗೂ ಆಗುತ್ತದೆ.

ನನ್ನ ಪ್ರಶ್ನೆಗೆ ನೀನು ಮಾರ್ಚಿನ ಎರಡು ಕಾಗದದಲ್ಲೂ ಉತ್ತರ ಕೊಡಲಿಲ್ಲ.

ನಾರಾಯಣ


ಕೊಯಮತ್ತೂರು
14 ಏಪ್ರಿಲ್ 1984

ನನ್ನವರಿಗೆ,

ಈ ಕಾಗದ ನೀವು ರೈಲು ಹತ್ತುವ ಮೊದಲು ಕೈಸೇರಲಿ ಎಂದು ನಾನೇ ದೊಡ್ಡ ಅಂಚೆಕಚೇರಿಗೆ ಹೋಗಿ ಹಾಕಿ ಬರುತ್ತಿದ್ದೇನೆ. ಹೇಗೆ ಹೋಗುತ್ತಿದ್ದೇನೆ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ಮೈಲ್‌ಸಾಮಿಯ ಕಾಲು ಇನ್ನೂ ವಾಸಿಯಾಗಿಲ್ಲ. ಅವನ ಕಾಲು ಮುರಿದ ಮೇಲೆ ವ್ಯಾನು ಓಡಿಸುವವಳು ಯಾರೆಂದು ನಾನು ಆಗಸ್ಟಿನಲ್ಲೇ ಬರೆದಿದ್ದೆ. ನೀವು ಬಲ್ಬನ್ನು ಹೊಗಳಿ ಮುಂದಕ್ಕೆ ಹೋದಿರಿ. ಬ್ಯಾಟರಿ ಕೊಟ್ಟು ಹೋಗಲು ಬಂದ ದಿನ ತಂಗಮಣಿ ಕೇಳಿದಳು, "ಅಕ್ಕಾ, ಇಷ್ಟು ಊಟ ಹಾಕಿ ಕೂರಿಸ್ಕೊಂಡ್ರೆ ಏನ್ ಪ್ರಯೋಜನ? ಊಟ ಆದ್ಮೇಲೆ ಕೊಂಚ ನಡೀಬೇಕಲ್ಲ?" ನನಗೆ ಓಡಿಸಲು ಬರುವುದಿಲ್ಲ ಎಂದೆ. "ನನಗೂ ತಾಮ್ರ ಸುತ್ತೋಕೆ ಬರ್ತಿರ್ಲಿಲ್ಲ," ಎಂದು ಚಾಲಕನ ಬಾಗಿಲು ತೆಗೆದು ನನ್ನನ್ನು ಒಳಗೆ ತಳ್ಳಿದಳು.

ಮೊದಲ ವಾರ ನುಗ್ಗೆ ಮರಕ್ಕೆ ಮುತ್ತು ಕೊಟ್ಟೆ. ಬಂಪರಿನಲ್ಲಿ ಗುಳಿ ಬಿದ್ದಿದೆ, ಬಂದು ನೋಡಿ ಬೈಯಿರಿ. ಏರಿನಲ್ಲಿ ಹಿಂದಕ್ಕೆ ಜಾರಿ ಜಾರಿ ನಿಮಗೆ ಬರೆದರೆ ಇಟ್ಟಿಗೆ ಕೊಡು ಎಂದಿರಿ. ಪ್ರತಿ ಏರಿನಲ್ಲೂ ಇಳಿದು ಇಟ್ಟಿಗೆ ಇಡಲೇ? ಕೊನೆಗೆ ಹ್ಯಾಂಡ್‌ಬ್ರೇಕಿನ ಗುಟ್ಟು ಹೇಳಿಕೊಟ್ಟವಳೂ ಅವಳೇ. ನವೆಂಬರಿನಲ್ಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸಿ ಲೈಸೆನ್ಸು ತೆಗೆದುಕೊಂಡೆ. ಇನ್‌ಸ್ಪೆಕ್ಟರು ಗಂಡನ ಅನುಮತಿ ಇದೆಯೇ ಎಂದು ಕೇಳಿದರು. ಹಿಂದಿನ ಸೀಟಿನಲ್ಲಿದ್ದ ಅತ್ತೆ, "ಗಂಡನ ಅಮ್ಮನ ಅನುಮತಿ ಇದೆ. ಪೋದುಮಾ?" ಎಂದರು.

ಅವರು ಯಾವ ಬಸ್ಸು ಹತ್ತುತ್ತಾರೆ ಎಂದು ಕೇಳಿದ್ದಿರಿ. ಹಸಿರು ಬಣ್ಣದ ಬಸ್ಸು, ನಾಲ್ಕೇ ಚಕ್ರ. ರಂಗನಾಥನಿಗೆ ಕೈಮುಗಿಯಲು ಹೊರಟವರು ನಾನು ಕ್ಲಚ್ಚು ಬಿಟ್ಟಾಗಲೆಲ್ಲ ದಾರಿಯುದ್ದಕ್ಕೂ ಕೈಮುಗಿಯುತ್ತಿದ್ದರು. ಈಗ ಕಿಟಕಿಗೆ ಒರಗಿ ನಿದ್ದೆ ಮಾಡುತ್ತಾರೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಡ.

ಗೋಪಾಲಸಾಮಿ ಕೊಂಡುಹೋಗಲು ಬಂದಾಗ ನಾನು ಯಾಕೆ ಅಷ್ಟು ಹೆದರಿದೆ ಎಂದು ಈಗ ತಿಳಿಯಿತಲ್ಲ. ಅವರು ಒಯ್ಯಲಿದ್ದದ್ದು ನಿಮ್ಮ ಗಾಡಿಯನ್ನಲ್ಲ. ಅಷ್ಟು ಹೊತ್ತಿಗೆ ಅವಳು ನನ್ನವಳಾಗಿದ್ದಳು. ನಿಮಗೆ ಮೊದಲೇ ಹೇಳಬೇಕಿತ್ತು. ಬೇಡ ಎನ್ನುತ್ತೀರೆಂಬ ಹೆದರಿಕೆಯಿಂದ ಹೇಳಲಿಲ್ಲ. ಆಮೇಲೆ ನಿಮ್ಮ ಜನವರಿಯ ಕಾಗದ ಬಂತು, ಹೆದರಿಕೆ ಹೋಯಿತು. ಆಗ ಹೇಳದೆ ಉಳಿಸಿಕೊಂಡದ್ದು ನಾನೇ ಓಡಿಸಿಕೊಂಡು ಬಂದು ನಿಮ್ಮನ್ನು ಕರೆದೊಯ್ಯುವ ಆಸೆಯಿಂದ.

ಚಾರ್ಜರನ್ನು ಬಿಟ್ಟಿಲ್ಲ. ವಾರಕ್ಕೆ ಒಂದೇ ಪ್ರಯಾಣವಾದ್ದರಿಂದ ಉಳಿದ ದಿನ ಅರ್ಧ ಆಂಪಿಯರ್ ಹೋಗುತ್ತಲೇ ಇರುತ್ತದೆ. ಗುರುವಾರ ಸಂಜೆಯೂ ಹಾಕಿರುತ್ತೇನೆ. ಶುಕ್ರವಾರ ಬೆಳಿಗ್ಗೆ ಮೊದಲು ಸ್ವಿಚ್, ಆಮೇಲೆ ಕಪ್ಪು, ಕೊನೆಗೆ ಕೆಂಪು. ಸಾರು ಹಿಂದಿನ ದಿನದ ಪುಡಿಯದಲ್ಲ, ಅಂದೇ ಹುರಿದು ಕುಟ್ಟಿದ್ದು.

ಆಟೋ ಹಿಡಿಯಬೇಡಿ. ನಿಲ್ದಾಣದ ಹೊರಗೆ ಬೇವಿನ ಮರದ ಕೆಳಗೆ ನಿಂತಿರುತ್ತೇವೆ. ಬಂದವರೇ ಅಭ್ಯಾಸಬಲದಿಂದ ಬಲಗಡೆಗೆ ಬರಬೇಡಿ, ಅಲ್ಲಿ ನಾನು ಕೂತಿರುತ್ತೇನೆ. ಎಡಗಡೆಗೆ ಬನ್ನಿ. ನೀವು ಹೇಳಿದಂತೆ ಬಾಗಿಲಿನ ಹಿಡಿಯನ್ನು ರಿಪೇರಿ ಮಾಡಿಸಿಲ್ಲ, ಹೊರಗಿನಿಂದ ತೆಗೆಯಲು ಬರುವುದಿಲ್ಲ. ಪೆಟ್ಟಿಗೆ ಕೆಳಗಿಟ್ಟು ಒಂದು ನಿಮಿಷ ನಿಂತಿರಿ. ನಾನು ಒಳಗಿನಿಂದ ಬಾಗಿ ತೆಗೆಯುತ್ತೇನೆ.

ವನೂ